ಎಚ್‌ಎಎಲ್ ಸರ್ಕಾರದ್ದೇ ಆದಮೇಲೆ ಸರ್ಕಾರ ಅದರಿಂದ ವಿಮಾನ ಕೊಳ್ಳುವುದು ಅಂದರೇನು?

ಮಂಡ್ಯದ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯದ ವಿದ್ಯಾನಗರದಲ್ಲಿರುವ ನಿವೃತ್ತ ಹೈಸ್ಕೂಲ್ ಮೇಷ್ಟ್ರು. 31 ವರ್ಷ ಸಮಾಜ ಪಾಠ ಮಾಡಿದ್ದೇನೆ. ಮೊಮ್ಮಗಳು ಡಿಪ್ಲೊಮಾ ಮೆಕ್ಯಾನಿಕಲ್ ಎರಡನೇ ವರ್ಷದಲ್ಲಿದ್ದಾಳೆ. ಭಾನುವಾರ ಊಟಕ್ಕೆ ಕೂತಾಗ ಒಂದು ಪ್ರಶ್ನೆ ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ.

"ತಾತ, ವಿಮಾನ ಮಾಡುವ ಎಚ್‌ಎಎಲ್ ಸರ್ಕಾರದ ಕಂಪನಿ. ವಾಯುಪಡೆಯೂ ಸರ್ಕಾರದ್ದು. 97 ತೇಜಸ್ ಯುದ್ಧವಿಮಾನಕ್ಕೆ 62,370 ಕೋಟಿ ಒಪ್ಪಂದ ಅಂತ ಪೇಪರಲ್ಲಿ ಬಂದಿತ್ತಲ್ಲ, ಅದು ಬಲಗೈಯಲ್ಲಿದ್ದದ್ದನ್ನು ಎಡಗೈಗೆ ಕೊಟ್ಟ ಹಾಗಲ್ವಾ? ಅದಕ್ಕೆ ಒಪ್ಪಂದ ಯಾಕೆ? ಲಾಭ ನಷ್ಟ ಯಾರಿಗೆ?"

ನಮ್ಮೂರಿನವರಿಗೆ ಸರ್ಕಾರಿ ಕಂಪನಿ ಹೊಸದಲ್ಲ. ನಮ್ಮ ಸಕ್ಕರೆ ಕಾರ್ಖಾನೆ ಮೈಷುಗರ್ 1933ರಿಂದ ಇದೆ. ನಮ್ಮಪ್ಪ ಅದರ ಷೇರುದಾರರಾಗಿದ್ದರು. ಆ ಷೇರು ಪತ್ರ ಈಗಲೂ ಬೀರುವಿನಲ್ಲಿದೆ. ಆದರೆ ಸಕ್ಕರೆ ಕಾರ್ಖಾನೆಯ ಲೆಕ್ಕ ಹಿಡಿದು ಯುದ್ಧವಿಮಾನದ ಕಾರ್ಖಾನೆಯನ್ನು ಅರ್ಥ ಮಾಡಿಕೊಳ್ಳಲು ಹೋದರೆ ಎಲ್ಲೋ ತಪ್ಪುತ್ತಿದೆ ಅನಿಸುತ್ತದೆ. ಎಲ್ಲಿ ತಪ್ಪುತ್ತಿದೆ ಅಂತ ಹೇಳಲು ಬರುತ್ತಿಲ್ಲ. ಮಗುವಿಗೆ ಸುಮ್ನೆ ಏನೋ ಒಂದು ಹೇಳಿ ಸಾಗಹಾಕುವುದು ನನಗೆ ಇಷ್ಟವಿಲ್ಲ. ಈ ಕೆಲಸದ ಹತ್ತಿರದಲ್ಲಿರುವವರು ಯಾರಾದರೂ ಬಿಡಿಸಿ ಹೇಳುತ್ತೀರಾ?

ಹೆಬ್ಬಾಳದ ವರ್ಕ್‌ಶಾಪ್

ಮೇಷ್ಟ್ರೇ, ನಿಮ್ಮ ಮೊಮ್ಮಗಳು ಕೇಳಿದ್ದನ್ನು ನಾನು ಬಹಳ ವರ್ಷದಿಂದ ನನಗೇ ಕೇಳಿಕೊಳ್ಳುತ್ತಿದ್ದೇನೆ. ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪ್ ಇದೆ. ಲೋಹ ಕೊರೆಯುವ ಕಂಪ್ಯೂಟರ್ ಮೆಷಿನ್ನು (ವಿಎಂಸಿ) ಎರಡು, ಕಂಪ್ಯೂಟರಿನಿಂದ ನಡೆಯುವ (ಸಿಎನ್‌ಸಿ) ಲೇತ್ ಒಂದು, ಒಂಬತ್ತು ಜನ ಕೆಲಸಗಾರರು. ಅಲ್ಯೂಮಿನಿಯಂ ಬ್ರಾಕೆಟ್ಟು, ಬುಷ್ಷು, ಸಣ್ಣಪುಟ್ಟ ಭಾಗ ಮಾಡಿ ಕೊಡುತ್ತೇವೆ. ಕೈಯಲ್ಲಿ ಹಿಡಿದರೆ ಬಾಗಿಲ ಚಿಲಕದ ಹಾಗೆ ಕಾಣುತ್ತದೆ. ವಿಮಾನಕ್ಕೆ ಹೋಗುವ ವಸ್ತು ಅಂತ ಗೊತ್ತಾಗುವುದು ಡ್ರಾಯಿಂಗ್ ನೋಡಿದಾಗ. ಅದರ ಜೊತೆ ಬರುವ ಕಾಗದದ ಕಟ್ಟು ನೋಡಿದಾಗ. ಎಚ್‌ಎಎಲ್‌ಗೂ ನನಗೂ ನೇರ ವ್ಯವಹಾರವಿಲ್ಲ. ನಡುವೆ ದೊಡ್ಡ ಖಾಸಗಿ ಕಂಪನಿಗಳಿವೆ, ಅವರು ದೇಶದೊಳಗೂ ಹೊರಗೂ ಮಾಲು ಕೊಡುತ್ತಾರೆ. ನಾನು ಅವರ ಕೆಳಗೆ.

ಮೊದಲು ನಮ್ಮ ಮೈಸೂರಿನ ಪಾಲು ಹೇಳಿಬಿಡುತ್ತೇನೆ. ಇದು ಪಾಠ ಮಾಡಿದ ನಿಮಗೂ ಇಷ್ಟವಾಗಬಹುದು. ಎಚ್‌ಎಎಲ್ ಶುರು ಮಾಡಿದ್ದು ದೆಹಲಿ ಸರ್ಕಾರ ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಶುರು ಮಾಡಿದ್ದು ವಾಲ್‌ಚಂದ್ ಹೀರಾಚಂದ್ ಅನ್ನುವ ಉದ್ಯಮಿ. 1940ರ ಡಿಸೆಂಬರ್ 23. ನಾಲ್ವಡಿಯವರು ತೀರಿಕೊಂಡು ಐದು ತಿಂಗಳೂ ಆಗಿರಲಿಲ್ಲ. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದರು. ಮೈಸೂರು ಸರ್ಕಾರ 25 ಲಕ್ಷ ರೂಪಾಯಿ ಹಾಕಿ ಪಾಲುದಾರನಾಯಿತು, ಬೆಂಗಳೂರಿನಲ್ಲಿ 700 ಎಕರೆ ಜಾಗ ಕೊಟ್ಟಿತು. ಅಂದರೆ ನಮ್ಮ ಹಿರಿಯರು ಕಟ್ಟಿದ ಕಂದಾಯ ಕೂಡ ಆ ಕಾರ್ಖಾನೆಯ ಪಾಯದಲ್ಲಿದೆ.

ಮರುವರ್ಷವೇ ಬ್ರಿಟಿಷ್ ಭಾರತ ಸರ್ಕಾರ ಷೇರು ಕೊಂಡಿತು. 1942ರಲ್ಲಿ ಜಪಾನ್ ಬರ್ಮಾದವರೆಗೆ ಬಂದಾಗ ಆಡಳಿತವನ್ನೇ ಕೈಗೆ ತೆಗೆದುಕೊಂಡಿತು. ವಾಲ್‌ಚಂದ್ ಪಾಲು ಚುಕ್ತಾ ಮಾಡಿ ಕಳಿಸಿದರು. ಮೈಸೂರಿನ ಷೇರು ಉಳಿಯಿತು, ಮಾತು ಉಳಿಯಲಿಲ್ಲ. 1943ರಲ್ಲಿ ಅಮೆರಿಕದ ಸೇನೆಯ ವಿಮಾನಗಳ ರಿಪೇರಿ ಡಿಪೋ ಆಯಿತು. ಸ್ವಾತಂತ್ರ್ಯದ ನಂತರ, 1951ರಲ್ಲಿ, ರಕ್ಷಣಾ ಇಲಾಖೆಯ ಕೆಳಗೆ ಬಂತು. ಹಿಂದೂಸ್ತಾನ್ ಏರೋನಾಟಿಕ್ಸ್ ಅನ್ನುವ ಈಗಿನ ಹೆಸರು ಬಂದದ್ದು 1964ರಲ್ಲಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ವಿಮಾನದ ಕೆಲಸ ಇಲ್ಲದೆ ಅಲ್ಲಿ ರೈಲು ಬೋಗಿ ಕೂಡ ಮಾಡುತ್ತಿದ್ದರು. ಆ ಬೋಗಿ ಕೆಲಸದಿಂದಲೇ ಮುಂದೆ ಬಿಇಎಂಎಲ್ ಅನ್ನುವ ಇನ್ನೊಂದು ಸರ್ಕಾರಿ ಕಂಪನಿ ಬೆಳೆಯಿತು. ನಮ್ಮ ಬೆಳವಾಡಿಯ ಬಿಇಎಂಎಲ್ ಗೇಟಿನ ಮುಂದೆ ಹೋಗುವಾಗ ಇದನ್ನು ನೆನೆಸಿಕೊಳ್ಳುತ್ತೇನೆ.

ಈಗ ಬಲಗೈ ಎಡಗೈ ವಿಷಯ.

ಮೈಷುಗರ್ ಮಾಡಿದ ಸಕ್ಕರೆಯನ್ನು ಮಂಡ್ಯದ ಕಿರಾಣಿ ಅಂಗಡಿಯವನೂ ಕೊಳ್ಳಬಹುದು, ಬಿಸ್ಕತ್ ಕಂಪನಿಯೂ ಕೊಳ್ಳಬಹುದು. ಒಬ್ಬ ಬೇಡ ಅಂದರೆ ಇನ್ನೊಬ್ಬ ಇದ್ದಾನೆ. ಯುದ್ಧವಿಮಾನಕ್ಕೆ ಹಾಗಿಲ್ಲ. ಕೊಳ್ಳುವವನು ಒಬ್ಬನೇ. ಆ ಒಬ್ಬನೇ ಇಲ್ಲಿ ಮಾಲೀಕನೂ ಹೌದು. 2018ರ ಮಾರ್ಚ್‌ನಲ್ಲಿ ಷೇರು ಮಾರುಕಟ್ಟೆಗೆ ಬಂದ ಮೇಲೂ ಸುಮಾರು ನೂರಕ್ಕೆ 71.6ರಷ್ಟು ಪಾಲು ರಾಷ್ಟ್ರಪತಿಗಳ ಹೆಸರಿನಲ್ಲಿ ಸರ್ಕಾರದ ಬಳಿಯೇ ಇದೆ. ಅಷ್ಟಕ್ಕೇ ಮುಗಿಯಲಿಲ್ಲ. ತೇಜಸ್ ವಿನ್ಯಾಸ ಮಾಡಿದ್ದು ಎಡಿಎ ಅನ್ನುವ ಸಂಸ್ಥೆ, ಅದು ರಕ್ಷಣಾ ಇಲಾಖೆಯ ಕೆಳಗಿದೆ. ಹಾರಲು ಯೋಗ್ಯ ಅಂತ ಪ್ರಮಾಣಪತ್ರ ಕೊಡುವುದು ಸೆಮಿಲ್ಯಾಕ್, ಅದೂ ಅಲ್ಲೇ. ಗುಣಮಟ್ಟ ನೋಡುವುದು ಡಿಜಿಎಕ್ಯೂಎ, ಅದೂ ಅಲ್ಲೇ. ಕೊಳ್ಳುವ ವಾಯುಪಡೆ ಅಲ್ಲೇ, ಮಾಡುವ ಎಚ್‌ಎಎಲ್ ಅಲ್ಲೇ. ಹಳ್ಳಿಯ ತೊಟ್ಟಿ ಮನೆ ನೋಡಿದ್ದೀರಲ್ಲ, ಹಾಗೆ. ಅಂಗಳ ಒಂದೇ, ಸುತ್ತ ಅಣ್ಣತಮ್ಮಂದಿರ ಕೋಣೆ. ಒಲೆ ಬೇರೆ, ಲೆಕ್ಕ ಬೇರೆ, ಮುನಿಸೂ ಬೇರೆ. ಒಬ್ಬ ತಪ್ಪು ಮಾಡಿದರೆ ಇನ್ನೊಬ್ಬ ಹೊರಗೆ ಹೋಗಿ ನ್ಯಾಯ ಕೇಳುವ ಹಾಗಿಲ್ಲ.

ದುಡ್ಡಿನ ವಿಷಯಕ್ಕೆ ಬಂದರೆ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಮೊಮ್ಮಗಳಿಗೆ ಈ ಒಂದನ್ನು ಮಾತ್ರ ಬಿಡಿಸಿ ಹೇಳಿ ಸಾಕು. 2015-16ರಲ್ಲಿ ಎಚ್‌ಎಎಲ್ ತನ್ನದೇ ಷೇರನ್ನು ಸರ್ಕಾರದಿಂದ ವಾಪಸ್ ಕೊಂಡಿತು. 4,000 ಕೋಟಿಗೂ ಜಾಸ್ತಿ ಹಣ ಕಂಪನಿಯಿಂದ ಸರ್ಕಾರದ ಬೊಕ್ಕಸಕ್ಕೆ ಹೋಯಿತು. ಆಗ ಬಜೆಟ್ಟಿನ ಕೊರತೆ ತುಂಬಿಸಲು ಹಣ ಇರುವ ಸರ್ಕಾರಿ ಕಂಪನಿಗಳಿಂದ ಹೀಗೆ ತೆಗೆದುಕೊಳ್ಳುತ್ತಿದ್ದರು. ಮೂರು ವರ್ಷ ಬಿಡಿ. 2019ರ ಜನವರಿಯಲ್ಲಿ ಸುದ್ದಿ ಬಂತು: ದಶಕಗಳಲ್ಲಿ ಮೊದಲ ಸಲ ಎಚ್‌ಎಎಲ್ ಸಂಬಳ ಕೊಡಲು ಬ್ಯಾಂಕಿನಿಂದ ಹತ್ತಿರ ಹತ್ತಿರ 1,000 ಕೋಟಿ ಸಾಲ ಎತ್ತಿದೆ. ಯಾಕೆ? ವಾಯುಪಡೆಯಿಂದ ಬರಬೇಕಾದ ಹಣ ಬಂದಿರಲಿಲ್ಲ. ವಾಯುಪಡೆಗೆ ಯಾಕೆ ಕೊಡಲು ಆಗಲಿಲ್ಲ? ಅದಕ್ಕೆ ಬಜೆಟ್ಟಿನಲ್ಲಿ ಸಿಕ್ಕ ಹಣ ಸಾಲಲಿಲ್ಲ.

ಈಗ ನೋಡಿ. ಮಾಲೀಕ ಗಲ್ಲಾಪೆಟ್ಟಿಗೆಯಿಂದ ತೆಗೆದ. ಗಿರಾಕಿ ಬಾಕಿ ಉಳಿಸಿಕೊಂಡ. ಅಂಗಡಿ ಬಡ್ಡಿಗೆ ಸಾಲ ಮಾಡಿತು. ಮಾಲೀಕನೂ ಗಿರಾಕಿಯೂ ಒಬ್ಬನೇ! ಹಾಗಾದರೆ ಬಡ್ಡಿ ಕಟ್ಟಿದ್ದು ಯಾರು? ನೀವು, ನಾನು. ಆದ್ದರಿಂದ ಬಲಗೈ ಎಡಗೈ ಅನ್ನುವ ಮಾತು ಪೂರ್ತಿ ಸರಿಯಲ್ಲ ಅಂತ ಮಗುವಿಗೆ ಹೇಳಿ. ಕೈಯಿಂದ ಕೈಗೆ ಹೋಗುವಾಗ ಒಂದಷ್ಟು ಕೆಳಗೆ ಸೋರುತ್ತದೆ.

ಕೆಳಗೆ ಇರುವುದು ನಮ್ಮಂಥವರು. ನನ್ನದೇ ಒಂದು ಕತೆ ಹೇಳುತ್ತೇನೆ. ಯಾವ ಕಂಪನಿ ಅಂತ ಹೇಳುವುದಿಲ್ಲ, ಖಾಸಗಿಯವರೇ. ಅಳತೆಯ ವ್ಯತ್ಯಾಸ 20 ಮೈಕ್ರಾನ್, ಅಂದರೆ ಮಿಲಿಮೀಟರಿನ ಐವತ್ತನೇ ಒಂದು ಪಾಲಿನೊಳಗೆ ಇರಬೇಕಾದ ಭಾಗ, 640 ಪೀಸು. ಮೊದಲ ಪೀಸಿನ ತಪಾಸಣೆ ಪಾಸಾಯಿತು, ಒಂದೂ ರಿಜೆಕ್ಟ್ ಆಗಲಿಲ್ಲ. ಬಿಲ್ಲು 11 ಲಕ್ಷದ 40 ಸಾವಿರ. ಎಂಟು ತಿಂಗಳು ಹಣ ಬರಲಿಲ್ಲ. ಕೇಳಿದಾಗಲೆಲ್ಲ "ಮೇಲಿನಿಂದ ಬಂದಿಲ್ಲ" ಅಂದರು. ಮೇಲೆ ಅಂದರೆ ಯಾರು ಅಂತ ಹೇಳಲಿಲ್ಲ. ಆಯುಧಪೂಜೆ ಹತ್ತಿರ ಬಂತು. ಹುಡುಗರಿಗೆ ಬೋನಸ್ ಕೊಡಬೇಕು. ಹೆಂಡತಿಯ ಎರಡು ಎಳೆ ಸರ ಅಡವಿಟ್ಟೆ. ಅವಳು ಒಂದು ಮಾತೂ ಆಡಲಿಲ್ಲ. ಮೆಷಿನ್ನಿಗೆ ಕುಂಬಳಕಾಯಿ ಒಡೆಯುವಾಗ ನನಗೆ ಅವಳ ಖಾಲಿ ಕುತ್ತಿಗೆಯೇ ಕಾಣುತ್ತಿತ್ತು.

ಕಾನೂನು ಇಲ್ಲ ಅಂತಲ್ಲ. 2006ರ ಕಾಯ್ದೆ ಇದೆ. ಸಣ್ಣ ಘಟಕಕ್ಕೆ 45 ದಿನದೊಳಗೆ ಹಣ ಕೊಡಬೇಕು. ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ದೂರು ಕೊಡಲು ಆನ್‌ಲೈನ್ ಪೋರ್ಟಲ್ ಕೂಡ ಇದೆ. ನಾನು ಅರ್ಜಿ ತುಂಬಿದೆ, ಕಳಿಸುವ ಬಟನ್ ಒತ್ತಲಿಲ್ಲ. ಒತ್ತಿದರೆ ಮುಂದಿನ ಆರ್ಡರ್ ಬರುವುದಿಲ್ಲ ಅನ್ನುವ ಭಯ. ಈ ಕ್ಷೇತ್ರದಲ್ಲಿ ಗಿರಾಕಿಗಳು ಬೆರಳೆಣಿಕೆಯಷ್ಟು. ಒಬ್ಬರ ಜೊತೆ ಕೆಟ್ಟರೆ ಇನ್ನೊಬ್ಬರ ಬಾಗಿಲು ತಟ್ಟುವುದು ಕಷ್ಟ. ಮೇಲೆ ಒಬ್ಬನೇ ಕೊಳ್ಳುವವನಿದ್ದರೆ ಕೆಳಗಿನವರೆಗೂ ಎಲ್ಲರ ಬಾಯಿ ಹೀಗೇ ಕಟ್ಟುತ್ತದೆ.

ವಿಜಯನಗರ ಎರಡನೇ ಹಂತ

ನಾನು ವಾಯುಪಡೆಯಲ್ಲಿ 20 ವರ್ಷ ಏರ್‌ಫ್ರೇಮ್ ಫಿಟ್ಟರ್, ಅಂದರೆ ವಿಮಾನದ ಮೈಕಟ್ಟು ನೋಡಿಕೊಳ್ಳುವವನಾಗಿದ್ದೆ. ಈಗ ಮೈಸೂರಿನಲ್ಲಿದ್ದೇನೆ. ವರ್ಕ್‌ಶಾಪ್‌ನವರು ದುಡ್ಡಿನ ಲೆಕ್ಕ ಚೆನ್ನಾಗಿ ಹೇಳಿದರು. ಆದರೆ ಆ ತೊಟ್ಟಿ ಮನೆಯಲ್ಲಿ ಒಬ್ಬನನ್ನು ಮರೆತರು. ವಿಮಾನ ಏರುವವನು.

ಮಿಗ್-21 ಯುದ್ಧವಿಮಾನ ನಮ್ಮಲ್ಲಿಗೆ ಬಂದದ್ದು 1963ರಲ್ಲಿ. ಕಳಿಸಿಕೊಟ್ಟದ್ದು 2025ರ ಸೆಪ್ಟೆಂಬರ್ 26ರಂದು, ಚಂಡೀಗಢದಲ್ಲಿ. ಟಿವಿಯಲ್ಲಿ ನೋಡಿದೆ. ಆ ವಿಮಾನದ ಕೆಳಗೆ ಎಣ್ಣೆ ಮೆತ್ತಿಕೊಂಡು ಮಲಗಿದವನು ನಾನು, ಕಣ್ಣು ತುಂಬಿ ಬಂತು. ಆದರೆ ಅದರ ಜಾಗಕ್ಕೆ ಬರಬೇಕಾದ್ದು ಎಲ್ಲಿ? 2021ರ ಫೆಬ್ರವರಿಯಲ್ಲಿ ತೇಜಸ್‌ನ ಸುಧಾರಿತ ರೂಪವಾದ ಮಾರ್ಕ್ 1ಎ 83ಕ್ಕೆ ಸಹಿ ಹಾಕಿದರು. 2024ರ ಆರಂಭದಿಂದ ಬರಬೇಕಿತ್ತು. ಮಿಗ್‌ಗೆ ಬೀಳ್ಕೊಟ್ಟ ದಿನಕ್ಕೂ ವಾಯುಪಡೆಗೆ ಒಂದೂ ಸಿಕ್ಕಿರಲಿಲ್ಲ. ಅದರ ಹಿಂದಿನ ದಿನವೇ ಇನ್ನೂ 97ಕ್ಕೆ ಸಹಿ ಹಾಕಿದ್ದರು, ಅದೇ ನಿಮ್ಮ ಮೊಮ್ಮಗಳು ಓದಿದ್ದು. ವಾಯುಪಡೆಯಲ್ಲಿ ಇರಬೇಕಾದ್ದು ಯುದ್ಧವಿಮಾನಗಳ 42 ಸ್ಕ್ವಾಡ್ರನ್ (ತಂಡ), ಉಳಿದದ್ದು 29.

ಸಂಬಂಧ ಹತ್ತಿರದ್ದು ಅಂತ ತಡಕ್ಕೆ ಕ್ಷಮೆ ಸಿಗಬಾರದು. ಹೊರಗಿನ ಕಂಪನಿ ಇಷ್ಟು ತಡ ಮಾಡಿದ್ದರೆ ಎಷ್ಟು ಗಲಾಟೆಯಾಗುತ್ತಿತ್ತು ಯೋಚಿಸಿ. ನಾನು ಎಚ್‌ಎಎಲ್ ವಿರೋಧಿ ಅಲ್ಲ. ನಮ್ಮ ಮಿಗ್‌ಗಳನ್ನು ನಾಸಿಕ್‌ನಲ್ಲಿ ಕಟ್ಟಿದ್ದೇ ಅವರು. ಆದರೆ ಪೈಲಟ್‌ಗೆ ಬೇರೆ ಅಂಗಡಿಗೆ ಹೋಗುವ ಹಾಗಿಲ್ಲ, ಅಲ್ವಾ?

ಸರಸ್ವತಿಪುರಂ ಓದುಗಿ

ನಮ್ಮ ತಂದೆ ಬೆಂಗಳೂರಿನ ಎಚ್‌ಎಎಲ್ ಎಂಜಿನ್ ವಿಭಾಗದಲ್ಲಿ 34 ವರ್ಷ ದುಡಿದು ನಿವೃತ್ತರಾದರು. ಈ ಚರ್ಚೆ ಅವರಿಗೆ ಓದಿ ಹೇಳಿದೆ. ಅವರು ಒಂದೇ ಮಾತು ಹೇಳಿದರು: ಎಂಜಿನ್ ಇಲ್ಲದೆ ವಿಮಾನ ಕೊಡು ಅಂದರೆ ಯಾರು ಕೊಡುತ್ತಾರೆ?

ಅದು ನಿಜ ಕೂಡ. ಮಾರ್ಕ್ 1ಎಗೆ ಬೇಕಾದ 99 ಎಂಜಿನ್‌ಗಳನ್ನು 2021ರಲ್ಲೇ ಅಮೆರಿಕದ ಜಿಇ ಕಂಪನಿಯಿಂದ ಕೊಳ್ಳಲು ಒಪ್ಪಂದವಾಯಿತು. ಮೊದಲನೆಯದು ಬಂದದ್ದು 2025ರ ಮಾರ್ಚ್‌ನಲ್ಲಿ. ಇದು ಹಳೆಯ ರೋಗ. 1961ರ ಜೂನ್ 17ರಂದು ಎಚ್‌ಎಎಲ್‌ನ ಯುದ್ಧವಿಮಾನ ಮಾರುತ್ ಬೆಂಗಳೂರಿನಲ್ಲಿ ಮೊದಲ ಸಲ ಹಾರಿತು. ಜರ್ಮನಿಯ ಕುರ್ಟ್ ಟ್ಯಾಂಕ್ ನಮ್ಮವರ ಜೊತೆ ಕೂತು ಮಾಡಿದ ವಿಮಾನ. ಮೈಕಟ್ಟು ಚೆನ್ನಾಗಿತ್ತು, ಎಂಜಿನ್ ಶಕ್ತಿ ಸಾಲಲಿಲ್ಲ. ಇನ್ನೂ ಶಕ್ತಿಯ ಎಂಜಿನ್ ಬೆಳೆಸಲು ಬ್ರಿಟನ್ ಹಣ ಕೇಳಿತು, ನಮ್ಮ ಸರ್ಕಾರ ಕೊಡಲಿಲ್ಲ. 147 ಮಾಡಿ ನಿಲ್ಲಿಸಿದರು. ಆ ತೀರ್ಮಾನ ಕಾರ್ಖಾನೆಯಲ್ಲಿ ಆಗಲಿಲ್ಲ, ದೆಹಲಿಯಲ್ಲಿ ಆಯಿತು. ಬೈಗುಳ ಮಾತ್ರ ಕಾರ್ಖಾನೆಗೆ ಬಂತು. 2019ರ ಅಕ್ಟೋಬರ್‌ನಲ್ಲಿ ಕಾರ್ಮಿಕರು ಸಂಬಳಕ್ಕಾಗಿ ಮುಷ್ಕರ ಕೂತಾಗಲೂ "ಸರ್ಕಾರಿ ಸೋಮಾರಿಗಳು" ಅಂತ ಜನ ಬರೆದರು. ನಮ್ಮಪ್ಪನ ಹೆಬ್ಬೆರಳಿನ ತುದಿ ಇಲ್ಲ. ಆ ಮಾತು ಕೇಳಿದಾಗ ನನಗೆ ಅದು ನೆನಪಾಗುತ್ತದೆ.

ಇನ್ನೊಂದು ವಿಷಯ. ಎಲ್ಲ ಖಾಸಗಿಯವರಿಗೆ ಕೊಟ್ಟರೆ ಸರ್ಕಾರದ ಜೊತೆ ಈ ನಂಟು ಹೋಗುತ್ತದೆ ಅಂತ ಯಾರೂ ತಿಳಿಯಬೇಡಿ. ಬೋಫೋರ್ಸ್ ಸ್ವೀಡನ್ನಿನ ಕಂಪನಿ. 1986ರ ಮಾರ್ಚ್‌ನಲ್ಲಿ 410 ಫಿರಂಗಿಗೆ ಒಪ್ಪಂದ, 1987ರ ಏಪ್ರಿಲ್‌ನಲ್ಲಿ ಸ್ವೀಡನ್ನಿನ ರೇಡಿಯೊ ಲಂಚದ ಸುದ್ದಿ ಹೇಳಿತು. ಲಾಕ್‌ಹೀಡ್ ಅಮೆರಿಕದ ಖಾಸಗಿ ಕಂಪನಿ. ಅದರ ಲಂಚದ ಪ್ರಕರಣದಲ್ಲಿ 1976ರಲ್ಲಿ ಜಪಾನಿನ ಮಾಜಿ ಪ್ರಧಾನಿ ತನಾಕಾ ಅವರನ್ನು ಬಂಧಿಸಿದರು. ಹೊರದೇಶದಲ್ಲಿ ಲಂಚ ಕೊಡುವುದು ಅಪರಾಧ ಅಂತ ಅಮೆರಿಕ ಕಾನೂನು ಮಾಡಿದ್ದು ಅದಾದ ಮೇಲೆ, 1977ರಲ್ಲಿ. ಖಾಸಗಿಯವರ ನಂಟು ದಲ್ಲಾಳಿಯ ಮೂಲಕ ನಡೆಯುತ್ತದೆ. ನಮ್ಮದು ಫೈಲಿನ ಮೂಲಕ. ಫೈಲನ್ನಾದರೂ ಒಂದು ದಿನ ತೆಗೆದು ಓದಬಹುದು.

ಮಂಡ್ಯದ ಮೇಷ್ಟ್ರು

ಮೂವರಿಗೂ ಕೈಮುಗಿಯುತ್ತೇನೆ. ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲ ಓದಿದೆ. ಅಡವಿಟ್ಟ ಸರದ ಮಾತು ಬಂದಾಗ ಅವಳು ಸುಮ್ಮನಾದಳು. ಈಗ ಅವಳದು ಎರಡು ಪ್ರಶ್ನೆ. ಫೈಲು ತೆಗೆದು ಓದುವವರು ಯಾರು? ಮತ್ತೆ, ಆ ಸರ ವಾಪಸ್ ಬಂತಾ?

ಹೆಬ್ಬಾಳದ ವರ್ಕ್‌ಶಾಪ್

ಸರ ಬಂತು. ಒಂಬತ್ತನೇ ತಿಂಗಳು ಹಣ ಬಂತು, ಬಡ್ಡಿ ಇಲ್ಲದೆ. ಯುಗಾದಿಗೆ ಬಿಡಿಸಿಕೊಂಡೆವು.

ಓದುವವರು ಇದ್ದಾರೆ. ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿ ಲೆಕ್ಕ ನೋಡುತ್ತದೆ, ವರದಿ ಸಂಸತ್ತಿಗೆ ಹೋಗುತ್ತದೆ. ಸಾರ್ವಜನಿಕ ಉದ್ದಿಮೆಗಳ ಸಮಿತಿ, ರಕ್ಷಣೆಯ ಸ್ಥಾಯಿ ಸಮಿತಿ ಅಂತ ಸಂಸದರ ಸಮಿತಿಗಳಿವೆ, ಅವು ಅಧಿಕಾರಿಗಳನ್ನು ಕರೆಸಿ ಕೇಳಬಹುದು. ಸರ್ಕಾರಿ ಕಂಪನಿ ಆದ್ದರಿಂದ ಮಾಹಿತಿ ಹಕ್ಕು ಕಾಯ್ದೆಯೂ ಅನ್ವಯಿಸುತ್ತದೆ. ಆದರೆ ದೇಶದ ಭದ್ರತೆ ಅಥವಾ ವ್ಯಾಪಾರದ ಗುಟ್ಟು ಅಂತ ಹೇಳಿ ಉತ್ತರ ನಿರಾಕರಿಸಲು ಅದೇ ಕಾಯ್ದೆಯ ಎಂಟನೇ ಸೆಕ್ಷನ್ನಿನಲ್ಲಿ ಜಾಗವಿದೆ. ವಿಮಾನದ ರೇಡಾರ್ ಗುಟ್ಟು ಇರಲಿ, ಒಪ್ಪುತ್ತೇನೆ. ಯಾರಿಗೆ ಎಷ್ಟು ದಿನದಿಂದ ಎಷ್ಟು ಬಾಕಿ ಅನ್ನುವುದರಲ್ಲಿ ಏನು ಗುಟ್ಟು? ಅದನ್ನು ತಿಂಗಳು ತಿಂಗಳು ಗೋಡೆಗೆ ಅಂಟಿಸಬೇಕು ಅಂತ ನನ್ನ ಆಸೆ. ಎಚ್‌ಎಎಲ್‌ಗೆ ಸರ್ಕಾರ ಕೊಡಬೇಕಾದ್ದು, ಎಚ್‌ಎಎಲ್ ದೊಡ್ಡ ಕಂಪನಿಗಳಿಗೆ ಕೊಡಬೇಕಾದ್ದು, ಅವರು ನಮಗೆ ಕೊಡಬೇಕಾದ್ದು, ಮೂರೂ. ಆಗ "ಮೇಲಿನಿಂದ ಬಂದಿಲ್ಲ" ಅನ್ನುವ ಮಾತು ನಿಜವೋ ಸುಳ್ಳೋ ಅಂತ ನಾನೇ ನೋಡಿಕೊಳ್ಳುತ್ತೇನೆ.

ವಿಜಯನಗರದವರೇ, ಪೈಲಟ್‌ನನ್ನು ಮರೆತದ್ದು ನನ್ನ ತಪ್ಪು. ಪ್ರತಿ ಬ್ರಾಕೆಟ್ ಅಳೆಯುವಾಗ ಅವನ ನೆನಪಿದೆ, ಬರೆಯುವಾಗ ಬಿಟ್ಟುಹೋಯಿತು. ಬೇರೆ ಅಂಗಡಿ ಇಲ್ಲ ಅಂದಿರಿ. ಸ್ವಲ್ಪ ಬದಲಾಗುತ್ತಿದೆ. 2025ರ ಮೇ ತಿಂಗಳಲ್ಲಿ ಮುಂದಿನ ಪೀಳಿಗೆಯ ಆಮ್ಕಾ ವಿಮಾನಕ್ಕೆ ಹೊಸ ಪದ್ಧತಿ ಒಪ್ಪಿದರು. ಎಚ್‌ಎಎಲ್‌ಗೆ ನೇರವಾಗಿ ಕೊಡುವ ಬದಲು ಸರ್ಕಾರಿ, ಖಾಸಗಿ ಇಬ್ಬರೂ ಸ್ಪರ್ಧಿಸಬಹುದು ಅಂತ ಆಯಿತು. ತೇಜಸ್‌ನಲ್ಲೂ ರೆಕ್ಕೆ ಮಾಡುವ ಕೆಲಸ ಕೊಯಮತ್ತೂರಿನ ಎಲ್ ಅಂಡ್ ಟಿಗೆ ಹೋಗಿದೆ. ನನಗೆ ಇದರಲ್ಲಿ ಭಯವೂ ಇದೆ. ಮಾಡುವವರು ಮೂವರಾದರೂ ಕೊಳ್ಳುವವನು ಒಬ್ಬನೇ ಅಲ್ವಾ? ಎಚ್‌ಎಎಲ್ ಆದರೆ ಸಿಎಜಿ ಬರುತ್ತದೆ. ಖಾಸಗಿಯವರ ಬಾಗಿಲೊಳಗೆ ಸಂಸತ್ತು ಎಷ್ಟು ದೂರ ಹೋಗಬಲ್ಲದು?

ಮೇಷ್ಟ್ರೇ, ಒಂದು ಶನಿವಾರ ಮೊಮ್ಮಗಳನ್ನು ಕರೆದುಕೊಂಡು ಬನ್ನಿ. ಬೆಳಗಿನ ಟ್ರೇನಿಗೆ ಬಂದರೆ ಸ್ಟೇಷನ್ನಿಗೆ ನಾನೇ ಗಾಡಿ ತರುತ್ತೇನೆ. ಶೂ ಹಾಕಿಕೊಂಡು ಬರಲಿ, ನೆಲದ ಮೇಲೆ ಚೂಪಾದ ಲೋಹದ ಚೂರು ಇರುತ್ತದೆ. ಎಚ್‌ಎಎಲ್ ವಾರ್ಷಿಕ ವರದಿ ಅವರ ವೆಬ್‌ಸೈಟಿನಲ್ಲಿ ಸಿಗುತ್ತದೆ. ಅದರಲ್ಲಿ "ಟ್ರೇಡ್ ರಿಸೀವಬಲ್ಸ್", ಅಂದರೆ ಗಿರಾಕಿಗಳಿಂದ ಬರಬೇಕಾದ ಬಾಕಿ, ಅನ್ನುವ ಸಾಲು ಹುಡುಕಿ ಬರೆದುಕೊಂಡು ಬರಲಿ. ಒಂದು ವರ್ಷದ್ದು ಸಾಲದು, 2016ರಿಂದ 2020ರವರೆಗಿನದು ಬೇಕು. ಊಟ ನಮ್ಮ ಮನೆಯಲ್ಲೇ. ಹೆಂಡತಿಗೆ ಆಗಲೇ ಹೇಳಿದ್ದೇನೆ.